ತಗಡಿನ ಕೆಲಸಕ್ಕೆ ವೆಲ್ಡಿಂಗ್ ಮಶೀನು ಕೊಳ್ಳುವಾಗ ಅದು ಎಷ್ಟು ಕಮ್ಮಿ ಆಂಪಿಗೆ ಇಳಿಯುತ್ತದೆ ನೋಡಿ

ಪ್ರಶ್ನೆ: ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜಿದೆ. ಎಂಜಿನ್, ಬ್ರೇಕ್ ಕೆಲಸ ಮಾಡುತ್ತೇನೆ. ಓಮ್ನಿ, ಹಳೇ ಜೀಪು, ಪಿಕಪ್‌ಗಳ ಫ್ಲೋರು, ರನ್ನಿಂಗ್ ಬೋರ್ಡು ತುಕ್ಕು ಹಿಡಿದು ಬಂದರೆ ಶಿವಮೊಗ್ಗಕ್ಕೆ ಕಳಿಸಬೇಕು. ಗೇಟು, ಗ್ರಿಲ್ಲಿನ ಕೆಲಸಕ್ಕೆ ತಂದ 200 ಆಂಪಿನ ಆರ್ಕ್ ಇನ್ವರ್ಟರ್ (ರಾಡು ಹಿಡಿದು ಬೆಸೆಯುವ ಮಶೀನು) ಇದೆ. ಅದರಲ್ಲಿ ತಗಡು ಹಚ್ಚಲು ಹೋದರೆ ತೂತು ಬೀಳುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಪರಿಚಯದವರೊಬ್ಬರು ತಮ್ಮ ಹಳೆಯ 250 ಆಂಪಿನ ತ್ರೀ ಫೇಸ್ ಸಿಓಟೂ ಮಶೀನನ್ನು (ತಂತಿ ತಾನಾಗಿ ಬಂದು ಬೆಸೆಯುವ ಮಿಗ್ ಮಶೀನಿಗೆ ನಮ್ಮಲ್ಲಿ ಹಾಗನ್ನುತ್ತಾರೆ) ಕಮ್ಮಿ ರೇಟಿಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಅಂಗಡಿಯವರು ಮಿಗ್, ಟಿಗ್ (ಟಂಗ್‌ಸ್ಟನ್ ಸೂಜಿಯ ಆರ್ಕಿನಲ್ಲಿ ಬೆಸೆಯುವುದು), ಆರ್ಕ್ ಮೂರೂ ಒಂದರಲ್ಲೇ ಇರುವ ಹೊಸದು ತಗೊಳ್ಳಿ, ಸಿಲಿಂಡರೇ ಬೇಡ ಅನ್ನುತ್ತಾರೆ. ಅಪ್ಪನ ಕಾಲದ ಗ್ಯಾಸ್ ವೆಲ್ಡಿಂಗ್ ಸೆಟ್ಟೂ ಮೂಲೆಯಲ್ಲಿದೆ. ನಮ್ಮಲ್ಲಿರುವುದು ಸಿಂಗಲ್ ಫೇಸ್, ಸಂಜೆ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ತೀರ್ಮಾನ ಹೇಳುತ್ತೇನೆ, ಕಾರಣಗಳು ಆಮೇಲೆ. ಸಿಂಗಲ್ ಫೇಸಿನಲ್ಲಿ ಓಡುವ, 30 ಆಂಪಿನವರೆಗೆ ಇಳಿದು ಅಲ್ಲಿ ಸ್ಥಿರವಾಗಿ ನಿಲ್ಲುವ, ಸಿಲಿಂಡರ್ ಗ್ಯಾಸ್ ಹಾಕಿ ಬಳಸುವ ಇನ್ವರ್ಟರ್ ಮಿಗ್ ಮಶೀನು (ಭಾರದ ಟ್ರಾನ್ಸ್‌ಫಾರ್ಮರಿನ ಬದಲು ಎಲೆಕ್ಟ್ರಾನಿಕ್ ಬೋರ್ಡಿನಿಂದ ಕರೆಂಟು ಹೊಂದಿಸುವಂಥದ್ದು) ತೆಗೆದುಕೊಳ್ಳಿ. ಆಟೋ ಕಾಂಪ್ಲೆಕ್ಸಿನ 250 ಆಂಪಿನದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ವೆಲ್ಡಿಂಗ್ ಮಶೀನು ಕೊಳ್ಳಲು ಹೋದವರೆಲ್ಲ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಆಂಪ್?’ ಎಂದು. 200 ಅಂದರೆ ಒಳ್ಳೆಯದು, 250 ಅಂದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ. ಗೇಟಿನ ಆಂಗಲ್‌ಗೆ, ಟ್ರೈಲರಿನ ಚಾನಲ್ಲಿಗೆ ಅದು ಸರಿಯಾದ ಲೆಕ್ಕವೇ. ಗಾಡಿಯ ತಗಡಿಗೆ ಬಂದಾಗ ಪ್ರಶ್ನೆ ತಿರುಗಬೇಕು. ಈ ಮಶೀನು ಎಷ್ಟು ಕೆಳಗೆ ಇಳಿಯುತ್ತದೆ? ಇಳಿದ ಮೇಲೂ ಆರ್ಕ್ (ಲೋಹ ಕರಗಿಸುವ ಕರೆಂಟಿನ ಕಿಡಿ) ಆರದೆ, ಹಾರದೆ ನಿಲ್ಲುತ್ತದೆಯೆ? ನಿಮ್ಮ ಕೆಲಸ ಕೂಡುವುದೂ ಕೆಡುವುದೂ ಇದೊಂದರ ಮೇಲೆ.

ಕಾರು, ವ್ಯಾನುಗಳ ಹೊರಮೈ ತಗಡು ಹೆಚ್ಚಾಗಿ 0.7ರಿಂದ 0.9 ಮಿ.ಮೀ. ದಪ್ಪ. ನಮ್ಮ ಅಂಗಡಿಗಳಲ್ಲಿ 22 ಗೇಜ್ ಎಂದು ಕೊಡುವ ಶೀಟು 0.71 ಮಿ.ಮೀ., 20 ಗೇಜು 0.91, 18 ಗೇಜು 1.2. ಹಳೇ ಜೀಪಿನ ಬಾಡಿ ಇದಕ್ಕಿಂತ ದಪ್ಪ, ಹಾಗಾಗಿ ಅದು ನಮ್ಮ ತಪ್ಪನ್ನು ಸ್ವಲ್ಪ ಸಹಿಸುತ್ತದೆ, ಓಮ್ನಿ ಸಹಿಸುವುದಿಲ್ಲ. ಉಕ್ಕಿನ ಶೀಟಿಗೆ ಒಂದು ಅಂದಾಜಿನ ಲೆಕ್ಕವಿದೆ: ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಅಳೆದರೆ ಎಷ್ಟು ಬರುತ್ತದೋ ಹೆಚ್ಚುಕಡಿಮೆ ಅಷ್ಟು ಆಂಪ್ ಬೇಕು. 0.8 ಮಿ.ಮೀ. ಎಂದರೆ ಇಂಚಿನ ಸಾವಿರ ಭಾಗಗಳಲ್ಲಿ 31, ಅಂದರೆ 30 ಆಂಪಿನ ಆಸುಪಾಸು. ಜಾಯಿಂಟ್ ಹೇಗಿದೆ, ಕೈ ಎಷ್ಟು ಬೇಗ ಓಡುತ್ತದೆ ಎಂಬುದನ್ನು ನೋಡಿ 30ರಿಂದ 50ರೊಳಗೆ ಹೊಂದಿಸಿಕೊಳ್ಳುತ್ತೀರಿ. 200, 250 ಎಂಬ ಅಂಕಿಗೆ ಇಲ್ಲಿ ಕೆಲಸವೇ ಇಲ್ಲ.

ನಿಮ್ಮ ಆರ್ಕ್ ಮಶೀನಿನಲ್ಲಿ ತೂತು ಬೀಳುವುದು ನಿಮ್ಮ ಕೈಯ ದೋಷವಲ್ಲ. ಸಾಮಾನ್ಯವಾಗಿ ಸಿಗುವ 2.5 ಮಿ.ಮೀ. ರಾಡು ಕರಗಿ ಹರಿಯಬೇಕಾದರೆ 60ರಿಂದ 90 ಆಂಪ್ ಬೇಕು. 2 ಮಿ.ಮೀ. ರಾಡು ಹುಡುಕಿ ತಂದರೂ 40ಕ್ಕಿಂತ ಕೆಳಗೆ ಅದು ಅಂಟಿಕೊಂಡು ಕೂರುತ್ತದೆ. ರಾಡಿಗೆ ಸಾಕಾಗುವಷ್ಟು ಕೊಟ್ಟರೆ ತಗಡಿಗೆ ಹೆಚ್ಚು, ತಗಡಿಗೆ ತಕ್ಕಷ್ಟು ಕೊಟ್ಟರೆ ರಾಡು ಹತ್ತುವುದೇ ಇಲ್ಲ. ಮಿಗ್‌ನಲ್ಲಿ ತೆಳು ತಂತಿ ತಾನಾಗಿ ಬರುತ್ತಿರುತ್ತದೆ. ಟ್ರಿಗರ್ ಒತ್ತಿ ಅರ್ಧ ಸೆಕೆಂಡಿನಲ್ಲಿ ಬಿಡಬಹುದು, ಮತ್ತೆ ಒತ್ತಬಹುದು. ಹೀಗೆ ಬಿಟ್ಟುಬಿಟ್ಟು ಹಾಕಲು ಬರುವುದರಿಂದಲೇ ತಗಡು ಉಳಿಯುತ್ತದೆ. ಆರ್ಕ್ ಮಶೀನನ್ನು ಮಾರಬೇಡಿ. ಗೇಟಿಗೆ, ಬಂಪರಿಗೆ, ಕ್ಯಾರಿಯರಿಗೆ ಅದೇ ಬೇಕು.

ಅಪ್ಪನ ಕಾಲದ ಗ್ಯಾಸ್ ಸೆಟ್ಟಿನ ಬಗ್ಗೆ ಹಗುರವಾಗಿ ಮಾತಾಡಲು ನನ್ನಿಂದಾಗದು. ಶಿವಮೊಗ್ಗ, ಭದ್ರಾವತಿ, ಸಾಗರದ ಒಂದು ಇಡೀ ತಲೆಮಾರಿನ ಟಿಂಕರಿಂಗ್ ಕೆಲಸಗಾರರು ಬಸ್ಸು, ಜೀಪು, ಅಂಬಾಸಿಡರುಗಳನ್ನು ಎತ್ತಿ ನಿಲ್ಲಿಸಿದ್ದು ಆಕ್ಸಿಜನ್–ಅಸಿಟಿಲಿನ್ ಜ್ವಾಲೆಯಲ್ಲೇ. ಆ ಬೆಸುಗೆ ಮೆದು. ಸುತ್ತಿಗೆ, ಡಾಲಿ (ಹಿಂಬದಿಗೆ ಒತ್ತಿ ಹಿಡಿಯುವ ಉಕ್ಕಿನ ಗಟ್ಟಿ) ಹಿಡಿದು ತಟ್ಟಿದರೆ ತಗಡಿನೊಟ್ಟಿಗೆ ಏಳುತ್ತದೆ, ಕೂರುತ್ತದೆ. ಕಷ್ಟವಿರುವುದು ಬಿಸಿಯಲ್ಲಿ. ಜ್ವಾಲೆ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಒಂದೇ ಬಿಂದುವಿನಲ್ಲಿ ನಿಲ್ಲದೆ ಸುತ್ತ ಹರಡುತ್ತದೆ. ಬೆರಳಗಲದ ತೇಪೆಗೆ ಕೈಯಗಲ ತಗಡು ಕಾದು ಹಿಗ್ಗಿ, ಆರುವಾಗ ಕುಗ್ಗಿ ಅಲೆಯಾಗುತ್ತದೆ. ಅದನ್ನು ತಟ್ಟಿ ಸರಿ ಮಾಡುವ ಕೈ ಬರಲು ವರ್ಷಗಳು ಬೇಕು. ಇನ್ನೊಂದು ತೊಂದರೆ ಈಗಿನ ಗಾಡಿಗಳದ್ದು. ಪಿಲ್ಲರು, ಸೈಡ್ ಮೆಂಬರುಗಳಲ್ಲಿ ಬಳಸುವ ಹೆಚ್ಚು ಬಲದ ಉಕ್ಕು, ಅದರಲ್ಲೂ ಬೋರಾನ್ ಸೇರಿಸಿ ಬಿಸಿಯಲ್ಲೇ ಒತ್ತಿ ಮಾಡಿದ್ದು, ಕೆಂಪಗೆ ಕಾದರೆ ತನ್ನ ಬಲ ಕಳೆದುಕೊಳ್ಳುತ್ತದೆ. ನೋಡಲು ಏನೂ ಆಗಿರುವುದಿಲ್ಲ, ಅಪಘಾತವಾದ ದಿನ ಮಡಚಿಕೊಳ್ಳುತ್ತದೆ. ತುಕ್ಕಿಗೆ ಕಚ್ಚಿಕೊಂಡ ಬೋಲ್ಟು ಕಾಯಿಸಲು, ಬಾಗಿದ ಬ್ರಾಕೆಟ್ ನೆಟ್ಟಗೆ ಮಾಡಲು ಗ್ಯಾಸ್ ಸೆಟ್ಟನ್ನು ಇಟ್ಟುಕೊಳ್ಳಿ. ಹೋಸ್ ಪೈಪುಗಳು ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸದೆ ಹಚ್ಚಬೇಡಿ.

ಈಗ 250 ಆಂಪಿನ ತ್ರೀ ಫೇಸ್ ಮಶೀನು. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆ ದರ್ಜೆಯ ಹಳೇ ಟ್ರಾನ್ಸ್‌ಫಾರ್ಮರ್ ಮಶೀನುಗಳು ಲಾರಿ ಬಾಡಿ ಕಟ್ಟುವ ಕಡೆ ವರ್ಷಗಟ್ಟಲೆ ದುಡಿಯುತ್ತವೆ. ಆದರೆ ವೋಲ್ಟೇಜ್ ಹೊಂದಿಸುವುದು ತಿರುಗುವ ಸ್ವಿಚ್ಚಿನ ಮೆಟ್ಟಿಲುಗಳಲ್ಲಿ. ಒಂದು ಮೆಟ್ಟಿಲಲ್ಲಿ ತಗಡು ಹಿಡಿಯುವುದಿಲ್ಲ, ಮುಂದಿನದರಲ್ಲಿ ತೂತು. ನಡುವೆ ನಿಮಗೆ ಬೇಕಾದ ಜಾಗವೇ ಇರುವುದಿಲ್ಲ. ಲೈನಿನ ವೋಲ್ಟೇಜ್ ಬಿದ್ದರೆ ಔಟ್‌ಪುಟ್ಟೂ ಅದರ ಜೊತೆ ಬೀಳುತ್ತದೆ. ಬೆಳಿಗ್ಗೆ ಸೆಟ್ ಮಾಡಿದ್ದು ಸಂಜೆಗೆ ಸುಳ್ಳು. ಇಷ್ಟರ ಮೇಲೆ ಮೆಸ್ಕಾಂಗೆ ಅರ್ಜಿ ಹಾಕಿ ತ್ರೀ ಫೇಸ್ ಎಳೆಸಬೇಕು. ಆ ಖರ್ಚು ಸೇರಿಸಿ ನೋಡಿದರೆ ಅಗ್ಗದ ಮಶೀನು ಅಗ್ಗವಾಗಿ ಉಳಿಯುವುದಿಲ್ಲ.

ಸಿಂಗಲ್ ಫೇಸ್ ಎಂದು ನೀವು ಅಳುಕುವ ಅಗತ್ಯವಿಲ್ಲ, ಲೆಕ್ಕ ಮಾಡಿ ನೋಡಿ. ಮಿಗ್‌ನಲ್ಲಿ ಆರ್ಕಿನ ವೋಲ್ಟೇಜು ಸುಮಾರಾಗಿ 14ಕ್ಕೆ ಆಂಪಿನ ಇಪ್ಪತ್ತನೇ ಒಂದು ಭಾಗ ಸೇರಿಸಿದಷ್ಟು. 60 ಆಂಪಿಗೆ 17 ವೋಲ್ಟ್. ಅಂದರೆ ಆರ್ಕಿಗೆ ಹೋಗುವುದು 1,020 ವಾಟ್. ಮಶೀನಿನೊಳಗೆ ಆಗುವ ನಷ್ಟ ಸೇರಿಸಿದರೂ ಒಂದೂವರೆ ಕಿಲೋವಾಟ್ ಒಳಗೇ. ನಿಮ್ಮ 15 ಆಂಪ್ ಸಾಕೆಟ್ಟಿಗೆ ಇದು ಭಾರವೇ ಅಲ್ಲ. ಅದೇ 200 ಆಂಪಿಗೆ ಹೋದರೆ 24 ವೋಲ್ಟ್, ಆರ್ಕಿಗೇ 4,800 ವಾಟ್. ನಷ್ಟ ಸೇರಿ ಆರು ಕಿಲೋವಾಟ್ ಸುತ್ತಮುತ್ತ. ಅಷ್ಟನ್ನು ನಿಮ್ಮ ಲೈನು ಕೊಡಲಾರದು. ದೊಡ್ಡ ಅಂಕಿಗೆ ದುಡ್ಡು ಕೊಟ್ಟರೂ ಅದನ್ನು ನೀವು ಮುಟ್ಟುವುದೇ ಇಲ್ಲ. 160ರಿಂದ 200 ಆಂಪಿನ ದರ್ಜೆಯ ಮಶೀನು ಸಾಕು, ಅದೂ ಚಾಸಿಯ ದಪ್ಪ ಬ್ರಾಕೆಟ್‌ಗಳಿಗೆ ಬೇಕಾದೀತು ಎಂಬ ಕಾರಣಕ್ಕೆ.

ವೋಲ್ಟೇಜ್ ವಿಷಯದಲ್ಲಿ ಒಂದು ಎಚ್ಚರ. ಇನ್ವರ್ಟರ್ ಮಶೀನುಗಳ ಮೇಲೆ 230 ವೋಲ್ಟ್, ಹೆಚ್ಚುಕಮ್ಮಿ ಶೇ. 15 ಎಂದು ಬರೆದಿರುವುದು ವಾಡಿಕೆ. ಅಂದರೆ 195ಕ್ಕಿಂತ ಕೆಳಗೆ ಅದು ಮಾತು ಕೊಟ್ಟಿಲ್ಲ. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ, ಮಳೆಗಾಲದ ಸಂಜೆಯಲ್ಲಿ ನಿಮ್ಮ ಸಾಕೆಟ್ಟಿನಲ್ಲಿ ಎಷ್ಟು ಬರುತ್ತದೆ ಎಂದು ಮಲ್ಟಿಮೀಟರ್ ಹಿಡಿದು ಬರೆದಿಟ್ಟುಕೊಂಡು ಆಮೇಲೆ ಅಂಗಡಿಗೆ ಹೋಗಿ. 160, 170 ವೋಲ್ಟಿನಲ್ಲೂ ಓಡುವಂತೆ ಮಾಡಿದ ಮಶೀನುಗಳಿವೆ. ಪ್ಲೇಟಿನ ಮೇಲೆ ಬರೆದದ್ದನ್ನೇ ನಂಬಿ, ಬಾಯಿಮಾತನ್ನಲ್ಲ. ಎಕ್ಸ್‌ಟೆನ್ಷನ್ ವೈರು 2.5 ಚದರ ಮಿ.ಮೀ.ಗಿಂತ ಕಮ್ಮಿ ಇರಕೂಡದು, ಸುತ್ತಿದ್ದನ್ನು ಪೂರ್ತಿ ಬಿಚ್ಚಿ ಬಳಸಿ. ಎಷ್ಟೋ ಕಡೆ ‘ವೋಲ್ಟೇಜ್ ಇಲ್ಲ’ ಎನ್ನುವ ದೂರಿನ ಮೂಲ ತೆಳ್ಳಗಿನ ವೈರು.

ಅಂಗಡಿಯವರ ‘ಗ್ಯಾಸೇ ಬೇಡ’ ಎಂಬ ಮಾತಿಗೆ ಬರುತ್ತೇನೆ. ಗ್ಯಾಸ್‌ಲೆಸ್ ಎಂದರೆ ಫ್ಲಕ್ಸ್ ತುಂಬಿದ ಟೊಳ್ಳು ತಂತಿ. ಗಾಳಿ ಬೀಸುವ ಬಯಲಲ್ಲಿ ಬೇಲಿಗೋ ಶೆಡ್ಡಿಗೋ ಅದು ಉಪಯೋಗಕ್ಕೆ ಬರುತ್ತದೆ. ತೆಳು ತಗಡಿಗೆ ಮಾತ್ರ ಅದು ಹೊಂದುವುದಿಲ್ಲ: ಬಿಸಿ ಜಾಸ್ತಿ, ಕಿಡಿ ಜಾಸ್ತಿ, ಬೆಸುಗೆಯ ಮೇಲೆ ಬೂದಿಗಟ್ಟಿದ ಪದರ ಬೇರೆ. ಅರೆಸೆಕೆಂಡು ಹಾಕಿ ನಿಲ್ಲಿಸಿ ಮತ್ತೆ ಹಾಕುವಾಗ ಆ ಪದರದ ಮೇಲೇ ಹಾಕಿದಂತಾಗಿ ಒಳಗೆ ಗುಳ್ಳೆ ಉಳಿಯುತ್ತದೆ. ಸುಮಾರು 1.2 ಮಿ.ಮೀ.ಗಿಂತ ತೆಳುವಾದದ್ದಕ್ಕೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಜೊತೆಗೆ ಅದಕ್ಕೆ ಟಾರ್ಚನ್ನು (ತಂತಿ ಹೊರಬರುವ ಹಿಡಿಕೆ) ಮೈನಸ್‌ಗೆ ಕೊಡಬೇಕು, ಗಟ್ಟಿ ತಂತಿಗೆ ಪ್ಲಸ್‌ಗೆ. ಇದು ಅದಲುಬದಲಾಗಿ ಉಳಿದರೆ ಎಷ್ಟು ತಿರುಗಿಸಿದರೂ ಸೆಟ್ಟಿಂಗ್ ಕೂರುವುದಿಲ್ಲ. ಹೊಸ ಮಶೀನು ಬಿಚ್ಚಿದ ದಿನ ಮೊದಲು ನೋಡಬೇಕಾದ್ದು ಇದನ್ನೇ.

ಸಿಲಿಂಡರಿನಲ್ಲಿ ಯಾವ ಗ್ಯಾಸು? ಮಿಗ್ ಮಶೀನನ್ನು ನಮ್ಮ ಗ್ಯಾರೇಜುಗಳಲ್ಲಿ ಸಿಓಟೂ ಮಶೀನು ಅನ್ನುವುದರಿಂದ ಬರೀ ಕಾರ್ಬನ್ ಡೈಆಕ್ಸೈಡೇ ಹಾಕಬೇಕೆಂದು ಹಲವರು ತಿಳಿದಿದ್ದಾರೆ. ಅದರಲ್ಲೂ ಕೆಲಸ ಆಗುತ್ತದೆ, ಅಗ್ಗವೂ ಹೌದು. ಆದರೆ ಆರ್ಕ್ ಒರಟು, ಆಳಕ್ಕೆ ಇಳಿಯುತ್ತದೆ, ಕಿಡಿ ಸುತ್ತಲೂ ಸಿಡಿದು ಅಂಟುತ್ತದೆ. ಶೇ. 80 ಆರ್ಗಾನ್, ಶೇ. 20 ಕಾರ್ಬನ್ ಡೈಆಕ್ಸೈಡ್ ಬೆರೆತ ಮಿಕ್ಸ್ ಗ್ಯಾಸಿನಲ್ಲಿ ಕಡಿಮೆ ಆಂಪಿನಲ್ಲೂ ಆರ್ಕ್ ಮೆತ್ತಗೆ ನಿಲ್ಲುತ್ತದೆ, ಬೆಸುಗೆ ಚಪ್ಪಟೆಯಾಗಿ ಕೂರುತ್ತದೆ, ಗ್ರೈಂಡಿಂಗ್ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಗ್ರೈಂಡಿಂಗ್ ಕಮ್ಮಿಯೆಂದರೆ ಬಿಸಿಯೂ ಕಮ್ಮಿ. ತಗಡು ಅಲೆಯಾಗುವುದರಲ್ಲಿ ಗ್ರೈಂಡರಿನ ಪಾಲೂ ದೊಡ್ಡದು. ಓಮ್ನಿಯ ತಗಡಿಗೆ ನನ್ನ ಮತ ಮಿಕ್ಸ್‌ಗೇ.

ದುಬಾರಿ ಎನಿಸಿದರೆ ಈ ಲೆಕ್ಕ ನೋಡಿ. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಗ್ಯಾಸಿರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ನಿಮಿಷಕ್ಕೆ 8ರಿಂದ 10 ಲೀಟರ್ ಸಾಕು. ಅಂದರೆ ಕಮ್ಮಿಯೆಂದರೂ 700 ನಿಮಿಷ, ಅದೂ ಟ್ರಿಗರ್ ಒತ್ತಿ ಹಿಡಿದ ಸಮಯ ಮಾತ್ರ. ಒಂದು ಓಮ್ನಿಯ ಫ್ಲೋರಿಗೆ ಇಡೀ ದಿನ ಹಿಡಿದರೂ ಆರ್ಕ್ ಉರಿಯುವುದು ಹೆಚ್ಚೆಂದರೆ ಅರ್ಧ, ಮುಕ್ಕಾಲು ಗಂಟೆ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿ.ಮೀ.; ಸಣ್ಣ ಸಿಲಿಂಡರ್ ಹೊತ್ತು ಮತ್ತೆ ಮತ್ತೆ ಓಡಾಡುವುದಕ್ಕಿಂತ ದೊಡ್ಡದೊಂದನ್ನು ತಂದು ಗೋಡೆಗೆ ಚೈನು ಹಾಕಿ ನಿಲ್ಲಿಸಿಕೊಳ್ಳಿ. ಸಂಜೆ ವಾಲ್ವ್ ಮುಚ್ಚುವುದು ಮರೆತರೆ ಸಣ್ಣ ಸೋರಿಕೆಯಲ್ಲೇ ಒಂದು ವಾರದಲ್ಲಿ ಖಾಲಿಯಾಗುತ್ತದೆ. ಬರೀ ಕಾರ್ಬನ್ ಡೈಆಕ್ಸೈಡ್ ಹಾಕುವುದಾದರೆ ಅದು ಸಿಲಿಂಡರಿನಲ್ಲಿ ದ್ರವವಾಗಿರುವುದರಿಂದ ಆ ದ್ರವ ಮುಗಿಯುವವರೆಗೂ ಗೇಜಿನ ಮುಳ್ಳು ಹೆಚ್ಚು ಕದಲುವುದಿಲ್ಲ. ಉಳಿದದ್ದು ಎಷ್ಟೆಂದು ತಿಳಿಯಲು ತೂಕವೇ ನೋಡಬೇಕು. ಚಳಿಗಾಲದಲ್ಲಿ ರೆಗ್ಯುಲೇಟರ್ ಹಿಮಗಟ್ಟುವುದೂ ಉಂಟು, ಅದಕ್ಕೆ ಹೀಟರ್ ಬೇಕು.

ತಂತಿಯನ್ನು ಜನ ಕಡೆಗಣಿಸುತ್ತಾರೆ. 0.8 ಮಿ.ಮೀ. ತಂತಿ ಎಲ್ಲ ಕಡೆ ಸಿಗುತ್ತದೆ, 0.6ರದ್ದನ್ನು ಹೇಳಿ ತರಿಸಬೇಕು. ಎರಡರ ನಡುವೆ ಕೂದಲೆಳೆಯ ಅಂತರ ಎನಿಸಬಹುದು. ಕತ್ತರಿಸಿದ ಮುಖದ ಅಳತೆಯಲ್ಲಿ 0.8ರದ್ದು 0.6ಕ್ಕಿಂತ ಸುಮಾರು 1.8 ಪಟ್ಟು. ಅಷ್ಟು ಹೆಚ್ಚು ಲೋಹ ಕರಗಿಸಲು ಅಷ್ಟು ಹೆಚ್ಚು ಕರೆಂಟ್ ಬೇಕು. 22 ಗೇಜಿನ ಡೋರ್ ಸ್ಕಿನ್ನಿಗೆ (ಬಾಗಿಲಿನ ಹೊರಮೈ ತಗಡು) 0.6 ಹಾಕಿ ನೋಡಿದವರು ಹಿಂದೆ ಹೋಗುವುದಿಲ್ಲ. ಫ್ಲೋರಿಗೆ, ಜೀಪಿಗೆ 0.8 ಆಗುತ್ತದೆ. ಕೇಳುವಾಗ ಇಆರ್ 70 ಎಸ್-6 ಎಂದು ಕೇಳಿ; ಅದರಲ್ಲಿ ಮ್ಯಾಂಗನೀಸ್, ಸಿಲಿಕಾನ್ ಹೆಚ್ಚಿರುವುದರಿಂದ ಅಲ್ಪಸ್ವಲ್ಪ ಕೊಳೆಯನ್ನು ತಡೆದುಕೊಳ್ಳುತ್ತದೆ. ತಂತಿಗೆ ತಕ್ಕ ಅಳತೆಯ ರೋಲರ್, ಟಿಪ್ ಬೇಕು. 15 ಕೆ.ಜಿ. ಸುರುಳಿ ಕೆ.ಜಿ. ಲೆಕ್ಕದಲ್ಲಿ ಅಗ್ಗ, ಆದರೆ ನಮ್ಮ ಮಳೆಗಾಲದಲ್ಲಿ ಅದು ಮುಗಿಯುವ ಮುಂಚೆ ತುಕ್ಕು ಹಿಡಿಯುತ್ತದೆ. ತುಕ್ಕು ಬಂದ ತಂತಿ ಲೈನರಿನಲ್ಲಿ (ತಂತಿ ಹಾದುಬರುವ ಕೊಳವೆ) ಸಿಕ್ಕಿಕೊಳ್ಳುತ್ತದೆ, ಆರ್ಕ್ ತಡವರಿಸುತ್ತದೆ. ನೀವು ಮಶೀನನ್ನು ಬೈಯುತ್ತೀರಿ. 5 ಕೆ.ಜಿ.ಯದೇ ತನ್ನಿ. ಕೆಲಸವಿಲ್ಲದ ವಾರ ಬಿಚ್ಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ.

ಮೂರೂ ಒಂದರಲ್ಲಿರುವ ಮಶೀನಿನಲ್ಲಿ ತಪ್ಪೇನಿಲ್ಲ, ಮಿಗ್ ಭಾಗ ಚೆನ್ನಾಗಿದ್ದರೆ. ಆರ್ಕ್ ನಿಮ್ಮ ಬಳಿ ಈಗಾಗಲೇ ಇದೆ. ಟಿಗ್ ಎಂದು ಅದರಲ್ಲಿ ಕೊಡುವುದು ಬಹುತೇಕ ಟಂಗ್‌ಸ್ಟನ್ ತಾಗಿಸಿ ಎತ್ತಿ ಹಚ್ಚುವ ಬಗೆಯದು. ಕಾಲಿನ ಪೆಡಲ್ ಇರುವುದಿಲ್ಲ, ಡಿಸಿ ಮಾತ್ರ ಆದ್ದರಿಂದ ಅಲ್ಯೂಮಿನಿಯಂ ಆಗುವುದಿಲ್ಲ, ಟಾರ್ಚ್ ಬೇರೆ ಕೊಳ್ಳಬೇಕು, ಶುದ್ಧ ಆರ್ಗಾನ್ ಬೇಕಾದ್ದರಿಂದ ಸಿಲಿಂಡರೂ ಇನ್ನೊಂದು. ಟಿಗ್ ಬೆಸುಗೆ ಅಂದವಾದದ್ದು, ಮೆದುವಾದದ್ದು. ಬಾನೆಟ್ಟು, ಫೆಂಡರಿನಂಥ ಎದ್ದುಕಾಣುವ ತಗಡಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದಕ್ಕೆ ಕನ್ನಡಿಯಂತೆ ಶುಚಿಯಾದ ಲೋಹ, ಎರಡೂ ಕೈ ಬಿಡುವು, ಕೂರಲು ಜಾಗ ಬೇಕು. ಓಮ್ನಿಯ ಅಡಿಯಲ್ಲಿ ಅಂಗಾತ ಮಲಗಿ, ಮಣ್ಣು ಉದುರುವ ಫ್ಲೋರಿಗೆ ಟಿಗ್ ಹಾಕಲಾಗದು. ಮುಂದೆ ಸೈಲೆನ್ಸರ್, ಹೊರಮೈ ಕೆಲಸ ಬೆಳೆದರೆ ಆಗ ಯೋಚಿಸಿ.

ಅಂಗಡಿಗೆ ಹೋಗುವಾಗ ಕೈಯಲ್ಲಿ ಎರಡು ತುಂಡು 22 ಗೇಜ್ ಶೀಟು, ಸಾಧ್ಯವಾದರೆ ಗುಜರಿಯಿಂದ ಒಂದು ಹಳೇ ಡೋರಿನ ತಗಡು ಒಯ್ಯಿರಿ. ಅಂಗಡಿಯವರು ತೋರಿಸುವುದು ಯಾವಾಗಲೂ 5 ಮಿ.ಮೀ. ಪಟ್ಟಿಯ ಮೇಲೆ, ಅದರ ಮೇಲೆ ಯಾವ ಮಶೀನೂ ಚೆಂದವಾಗೇ ಓಡುತ್ತದೆ. ನಿಮ್ಮ ತಗಡಿನ ಮೇಲೆ, ಅತಿ ಕೆಳಗಿನ ಸೆಟ್ಟಿಂಗಿನಲ್ಲಿ ಓಡಿಸಿ ತೋರಿಸಲು ಹೇಳಿ. ಚರ್ ಎಂದು ಒಂದೇ ಸಮನೆ ಸದ್ದು ಬರಬೇಕು. ಪಟ್ ಪಟ್ ಎಂದು ತಂತಿ ತಗಡನ್ನು ದೂಡುತ್ತಿದ್ದರೆ, ತುದಿಯಲ್ಲಿ ಗುಂಡು ಕಟ್ಟಿ ಬೀಳುತ್ತಿದ್ದರೆ, 30 ಆಂಪ್ ಎಂದು ಡಿಸ್‌ಪ್ಲೇಯಲ್ಲಿ ಬಂದರೂ ಆ ಮಶೀನು 30ರಲ್ಲಿ ಕೆಲಸ ಮಾಡುವುದಿಲ್ಲ. ವೋಲ್ಟೇಜನ್ನೂ ತಂತಿಯ ವೇಗವನ್ನೂ ಬೇರೆ ಬೇರೆಯಾಗಿ ತಿರುಗಿಸಲು ಬರಬೇಕು. ತಾನೇ ಹೊಂದಿಸಿಕೊಳ್ಳುವ ಸೌಲಭ್ಯ ಇರಲಿ, ಅದನ್ನು ಮೀರಿ ಕೈಯಿಂದ ತಿದ್ದಲೂ ಬರಲಿ. ಟಾರ್ಚ್ ಬಿಚ್ಚಿ ಬದಲಿಸುವಂತಿರಲಿ, ಯೂರೋ ಕನೆಕ್ಟರ್ ಇದ್ದರೆ ಯಾವ ಊರಿನಲ್ಲೂ ಬದಲಿ ಸಿಗುತ್ತದೆ. ಶಿವಮೊಗ್ಗದಲ್ಲೇ ಬೋರ್ಡ್ ರಿಪೇರಿ ಮಾಡುವವರು ಆ ಕಂಪನಿಯ ಮಶೀನು ಕೈಯಿಂದ ಬಿಚ್ಚಿದ್ದಾರೆಯೆ ಎಂದು ವಿಚಾರಿಸಿ. ಬ್ರ್ಯಾಂಡಿನ ಹೆಸರಿಗಿಂತ ಇದು ಮುಖ್ಯ. ಡ್ಯೂಟಿ ಸೈಕಲ್ ಎಂಬ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಪೂರ್ತಿ ಆಂಪಿನಲ್ಲಿ ಓಡಬಹುದು ಎಂಬ ಲೆಕ್ಕ, 40 ಆಂಪಿನ ನಿಮ್ಮ ಕೆಲಸದಲ್ಲಿ ಮಶೀನು ಬೆಚ್ಚಗೂ ಆಗುವುದಿಲ್ಲ.

ಇನ್ವರ್ಟರಿನ ಒಳಗಿರುವುದು ಸರ್ಕ್ಯೂಟ್ ಬೋರ್ಡು. ಮಲೆನಾಡಿನ ತೇವ, ಇರುವೆ, ಹಲ್ಲಿ, ಗ್ರೈಂಡರಿನ ಕಬ್ಬಿಣದ ಪುಡಿ ಎಲ್ಲವೂ ಅದಕ್ಕೆ ಶತ್ರು. ನೆಲದ ಮೇಲೆ ಇಡಬೇಡಿ, ಎದೆಮಟ್ಟದ ಸ್ಟ್ಯಾಂಡಿನ ಮೇಲಿರಲಿ. ಗ್ರೈಂಡ್ ಮಾಡುವಾಗ ಸ್ವಿಚ್ ಆಫ್ ಮಾಡಿ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಫ್ಯಾನು ಆ ಪುಡಿಯನ್ನೆಲ್ಲ ಒಳಗೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿಲ್ಲದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಆನ್ ಮಾಡಿಡಿ.

ಮಶೀನು ಬಂದಮೇಲೆ ಎಡವುವುದು ಎಲ್ಲಿ ಎಂಬುದನ್ನೂ ಹೇಳಬೇಕು. ತುಕ್ಕು ಹಿಡಿದ ತಗಡಿಗೆ ಯಾವ ಮಶೀನೂ ಬೆಸೆಯುವುದಿಲ್ಲ. ಮುಚ್ಚಲು ಹೋದಷ್ಟೂ ತೂತು ದೊಡ್ಡದಾಗುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟುತ್ತಾ ಹೋಗಿ, ಟಣ್ ಎನ್ನುವ ಗಟ್ಟಿ ಲೋಹ ಸಿಗುವಲ್ಲಿಯವರೆಗೆ ಕತ್ತರಿಸಿ ತೆಗೆಯಿರಿ. ಓಮ್ನಿಯಲ್ಲಿ ಅದು ನೀವು ಅಂದುಕೊಂಡದ್ದಕ್ಕಿಂತ ಯಾವಾಗಲೂ ದೂರ. ಮಳೆಯಲ್ಲಿ ನೆನೆದ ಚಪ್ಪಲಿ, ಮ್ಯಾಟಿನ ಅಡಿಯಲ್ಲಿ ನಿಂತ ನೀರು, ಅಡಿಯಿಂದ ಮೆತ್ತಿದ ಕೆಮ್ಮಣ್ಣು, ಎಲ್ಲ ಸೇರಿ ಎರಡೂ ಕಡೆಯಿಂದ ತಿಂದಿರುತ್ತವೆ.

ತೇಪೆಗೆ 20 ಗೇಜಿನ ಸಿಆರ್ ಶೀಟು (ಸತುವಿನ ಲೇಪವಿಲ್ಲದ ಉಕ್ಕಿನ ಶೀಟು) ತನ್ನಿ. ಮನೆಯ ಮಾಡಿಗೆ ಹೊದಿಸಿ ಉಳಿದ ಜಿಐ ಶೀಟು, ಬಣ್ಣದ ಶೀಟು ನಮ್ಮ ಕಡೆ ಎಲ್ಲರ ಹಿತ್ತಲಲ್ಲೂ ಇರುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಅರ್ಧ ಮಿ.ಮೀ. ಕೂಡ ದಪ್ಪವಿಲ್ಲದವೇ ಹೆಚ್ಚು. ಮೇಲಿನ ಸತು 907 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಉಕ್ಕು ಕರಗಲು 1,500 ಡಿಗ್ರಿ ಹತ್ತಿರ ಬೇಕು. ಹಾಗಾಗಿ ಬೆಸುಗೆ ಕೂರುವ ಮುಂಚೆ ಸತು ಹಬೆಯಾಗಿ ಎದ್ದು ಗುಳ್ಳೆ ಬಿಡುತ್ತದೆ. ಆ ಬಿಳಿ ಹೊಗೆ ಕುಡಿದರೆ ಅದೇ ರಾತ್ರಿ ಚಳಿಜ್ವರ, ಮೈಕೈ ನೋವು ಬರುತ್ತದೆ. ಗಾಡಿಯ ತಗಡಿನಲ್ಲೇ ಸತುವಿನ ಲೇಪವಿದ್ದರೆ ಅಂಚನ್ನು ಉಜ್ಜಿ ತೆಗೆದು, ಬಾಗಿಲು ತೆರೆದಿಟ್ಟು ಕೆಲಸ ಮಾಡಿ.

ಉದ್ದಕ್ಕೆ ಎಳೆದುಕೊಂಡು ಹೋಗಬೇಡಿ. ಎರಡೂವರೆ, ಮೂರು ಸೆಂ.ಮೀ.ಗೊಂದು ಚುಕ್ಕೆ ಹಾಕಿ, ತಗಡಿನ ಆ ಮೂಲೆ ಈ ಮೂಲೆ ಬದಲಾಯಿಸುತ್ತಾ, ಕೈ ಇಟ್ಟರೆ ತಡೆಯುವಷ್ಟು ಆರಿದ ಮೇಲೆ ನಡುವಿನ ಜಾಗ ತುಂಬುತ್ತಾ ಬನ್ನಿ. ತೂತಾಗುವ ಕಡೆ ಹಿಂಬದಿಯಲ್ಲಿ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಬಿಸಿಯನ್ನು ಅದು ಹೀರಿಕೊಳ್ಳುತ್ತದೆ, ಬೆಸುಗೆ ತಾಮ್ರಕ್ಕೆ ಅಂಟುವುದಿಲ್ಲ. ಹೊರಮೈಯಲ್ಲಿ ಅಂಚಿಗೆ ಅಂಚು ಕೂಡಿಸಿ. ಒಂದರ ಮೇಲೊಂದು ಹೇರಿದ ಜಾಯಿಂಟಿನ ಸಂದಿಯಲ್ಲಿ ನೀರು ನಿಂತು ಎರಡೇ ಮಳೆಗಾಲದಲ್ಲಿ ಪುಟ್ಟಿ ಉಬ್ಬಿಸುತ್ತದೆ. ಫ್ಲೋರಿನಲ್ಲಿ ಹೇರಲೇಬೇಕಾದರೆ ಸಂದಿಯ ಎರಡೂ ಮುಖಕ್ಕೆ ಸತುವಿನ ಪ್ರೈಮರ್ ಹೊಡೆದು, ಬೆಸುಗೆ ಮುಗಿದ ಮೇಲೆ ಮೇಲೂ ಕೆಳಗೂ ಸೀಮ್ ಸೀಲರ್ ತುಂಬಿ. ಬರಿ ಲೋಹವನ್ನು ರಾತ್ರಿ ಬಿಡಬೇಡಿ, ನಮ್ಮ ಹವೆಯಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಎಪಾಕ್ಸಿ ಪ್ರೈಮರ್ ಅಂದೇ ಹಾಕಿ. ಪುಟ್ಟಿ ನೀರು ಹೀರುವುದರಿಂದ ಅದು ಪ್ರೈಮರಿನ ಮೇಲೇ ಇರಬೇಕು. ರನ್ನಿಂಗ್ ಬೋರ್ಡಿನ ಒಳಗೆ ವ್ಯಾಕ್ಸ್ ಸಿಂಪಡಿಸಿ, ಅಡಿಯಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಓಮ್ನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟಿಯರಿಂಗ್ ಕೂರುವ ಜಾಗದ ಲೋಹ ತಿಂದುಹೋಗಿದ್ದರೆ ಮೇಲೆ ತಗಡು ಹೊಚ್ಚಿ ಕಳಿಸಬೇಡಿ. ಗಿರಾಕಿಗೆ ತೋರಿಸಿ, ಆ ಭಾಗವನ್ನೇ ಬದಲಿಸಬೇಕೆಂದು ಹೇಳಿ. ಒಪ್ಪದಿದ್ದರೆ ಕೆಲಸ ಬಿಡಿ. ಆ ಗಾಡಿಯಲ್ಲಿ ಶಾಲೆಯ ಮಕ್ಕಳು ಕೂರುತ್ತಾರೆ, ಘಟ್ಟ ಇಳಿಯುತ್ತಾರೆ. ಈಗಿನ ಕಾರುಗಳ ಪಿಲ್ಲರಿಗೂ ನೀವು ಕೈ ಹಾಕಬೇಡಿ.

ಬೆಂಕಿಯ ವಿಷಯ. ಬ್ಯಾಟರಿಯ ಮೈನಸ್ ಬಿಚ್ಚದೆ ಟ್ರಿಗರ್ ಒತ್ತಬಾರದು. ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ, ಉಜ್ಜಿದ ಲೋಹಕ್ಕೆ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗು, ವೈರಿಂಗಿನ ದಾರಿ ಹಿಡಿಯುತ್ತದೆ. ಸೀಟು, ಮ್ಯಾಟು, ಪೆಟ್ರೋಲ್ ಲೈನು, ಎಲ್‌ಪಿಜಿ ಕಿಟ್ಟಿದ್ದರೆ ಅದರ ಸಿಲಿಂಡರು, ಎಲ್ಲ ಹೊರಗೆ. ಅಡಿಯ ಟಾರು ಕೋಟಿಂಗನ್ನು ಅಂಗೈ ಅಗಲ ಕೆರೆದು ತೆಗೆಯಿರಿ, ಅದು ನೀವು ನೋಡದ ಕಡೆ ಹೊತ್ತುತ್ತದೆ. ನೀವು ಒಳಗಿದ್ದರೆ ಹೊರಗೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಗಾಡಿಯ ಹತ್ತಿರವೇ ಇರಿ. ಮಳೆಗಾಲದ ಒದ್ದೆ ನೆಲದಲ್ಲಿ ಒಣ ಹಲಗೆಯೋ ರಬ್ಬರ್ ಮ್ಯಾಟೋ ಇಲ್ಲದೆ ಮಲಗಬೇಡಿ.

ಗಿರಾಕಿಯ ಗಾಡಿ ಮುಟ್ಟುವ ಮುಂಚೆ ಗುಜರಿ ಡೋರಿನ ಮೇಲೆ ಕೈ ಪಳಗಿಸಿ. ಕಂಪನಿಯ ಸ್ಪಾಟ್ ವೆಲ್ಡಿನ (ಎರಡು ತಗಡು ಒತ್ತಿ ಕರೆಂಟಿನಲ್ಲಿ ಚುಕ್ಕೆಯಾಗಿ ಹಿಡಿಸಿದ್ದು) ಬದಲಿಗೆ ನಾವು ಹಾಕುವುದು ಪ್ಲಗ್ ವೆಲ್ಡು: ಮೇಲಿನ ತಗಡಿಗೆ 8 ಮಿ.ಮೀ. ತೂತು ಕೊರೆದು, ಕೆಳಗಿನ ತಗಡಿನಿಂದ ಶುರುಮಾಡಿ ತೂತು ತುಂಬುವುದು. ಇಲ್ಲಿ ಎರಡು ಪದರ ಇರುವುದರಿಂದ 60ರಿಂದ 80 ಆಂಪ್ ಬೇಕು, ಅಂಚಿನ ಜಾಯಿಂಟಿನ ಸೆಟ್ಟಿಂಗಿನಲ್ಲಿ ಹಾಕಿದರೆ ಮೇಲೆ ಮಾತ್ರ ಕೂತು ಕೆಳಗೆ ಹಿಡಿದಿರುವುದಿಲ್ಲ. ಎರಡು ತುಂಡು ಹೀಗೆ ಕೂಡಿಸಿ ವೈಸಿಗೆ ಕಚ್ಚಿಸಿ, ಉಳಿ ಹೊಡೆದು ಸೀಳಿ. ಬೆಸುಗೆಯ ಗುಂಡಿ ಕೆಳಗಿನ ತಗಡನ್ನು ಹರಿದುಕೊಂಡು ಬಂದರೆ ಸೆಟ್ಟಿಂಗ್ ಸರಿಯಿದೆ. ತಗಡು ಹಾಗೇ ಉಳಿದು ಗುಂಡಿ ಕಳಚಿಕೊಂಡು ಬಂದರೆ ಐದೈದು ಆಂಪ್ ಏರಿಸುತ್ತಾ ಮತ್ತೆ ಹಾಕಿ, ಮತ್ತೆ ಸೀಳಿ ನೋಡಿ. ಸರಿ ಬಂದ ಅಂಕಿಗಳನ್ನು, ಆ ಹೊತ್ತಿನ ಸಾಕೆಟ್ ವೋಲ್ಟೇಜಿನ ಸಮೇತ, ಮಶೀನಿನ ಪಕ್ಕದ ಗೋಡೆಯ ಮೇಲೆ ಬರೆದಿಡಿ.